ಮದುವೆಯಾಗಿ ಅಮೆರಿಕಕ್ಕೆ ಹೊರಟವರಿಗೆ: ನಿಮ್ಮ ಫೈಲ್ ನಿಮ್ಮ ಕೈಲಿರಲಿ

2019ರ ಜನವರಿಯಲ್ಲಿ ತಿಪಟೂರಿನಲ್ಲಿ ನನ್ನ ಮದುವೆಯಾಯಿತು. ಗಂಡ ಕನ್ನಡದವರೇ. ಓಹಾಯೋದಲ್ಲಿ ಬೆಳೆದು ಅಮೆರಿಕದ ಪ್ರಜೆಯಾದವರು. ಮದುವೆಯಾದ ವಾರಕ್ಕೆ ನಮ್ಮ ಚಿಕ್ಕಮ್ಮ ಬಿ.ಎಚ್. ರಸ್ತೆಯ ಅಂಗಡಿಯಿಂದ ಒಂದು ಬಾಕ್ಸ್ ಫೈಲ್ ತಂದರು. ಅವರು ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಕಾಗದದ ಬೆಲೆ ಗೊತ್ತು. "ನಿನ್ನ ಕಾಗದ ಎಲ್ಲಾ ಇದರಲ್ಲಿ ಇಟ್ಕೋ ಪುಟ್ಟಿ. ಅಸಲು ಯಾರ ಕೈಗೂ ಕೊಡಬೇಡ, ಮನೆಯವರಿಗೂ" ಅಂದರು. ಆಗ ಅದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತ್ತು. ಆರು ವರ್ಷ ಆ ಫೈಲ್ ಹೊತ್ತು ತಿರುಗಿದ ಮೇಲೆ, ಮದುವೆಯಾಗಿ ಹೊರಡುವ ಪ್ರತಿ ಹುಡುಗಿಗೂ ನಾನು ಅದನ್ನೇ ಹೇಳುತ್ತೇನೆ.

ಮೊದಲು ನಿಮ್ಮ ದಾರಿ ಯಾವುದು ಅಂತ ಗುರುತಿಸಿಕೊಳ್ಳಿ. ಗಂಡ ಅಥವಾ ಹೆಂಡತಿ ಅಮೆರಿಕದ ಪ್ರಜೆಯಾಗಿದ್ದರೆ ವರ್ಷಕ್ಕೆ ಇಷ್ಟೇ ವೀಸಾ ಎಂಬ ಮಿತಿ ಇಲ್ಲ. ಅವರಿಗೆ ಗ್ರೀನ್ ಕಾರ್ಡ್ (ಪ್ರಜೆಯಾಗದೆ ಅಲ್ಲೇ ಕಾಯಂ ನೆಲೆಸುವ ಅನುಮತಿ) ಮಾತ್ರ ಇದ್ದರೆ ಎಫ್2ಎ ಎಂಬ ವರ್ಗ, ಅಲ್ಲಿ ಮಿತಿಯೂ ಉಂಟು, ಕಾಯುವುದೂ ಉಂಟು. ಅವರು ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದರೆ ನಿಮಗೆ ಸಿಗುವುದು ಅವರನ್ನು ಅವಲಂಬಿಸಿದ ಎಚ್-4 ವೀಸಾ. ಆಗ ನಿಮ್ಮ ಗ್ರೀನ್ ಕಾರ್ಡ್ ಸಾಮಾನ್ಯವಾಗಿ ಅವರ ಕಂಪನಿ ಹಾಕುವ ಅರ್ಜಿಯ ಜೊತೆ ಬರಬೇಕು, ಭಾರತೀಯರ ಆ ಸಾಲು ತುಂಬಾ ಉದ್ದ. "ಹುಡುಗ ಅಮೆರಿಕದಲ್ಲಿದ್ದಾನೆ" ಅನ್ನುವ ಒಂದೇ ಮಾತಿನಲ್ಲಿ ಈ ಮೂರೂ ಅಡಗಿರುತ್ತವೆ. ಮಾತುಕತೆಯ ಹೊತ್ತಿಗೇ ಕೇಳಿ, ಸಂಕೋಚ ಬೇಡ. ನಾನು ಇಲ್ಲಿ ಬರೆಯುತ್ತಿರುವುದು ಮೊದಲನೆಯ ದಾರಿಯ ಬಗ್ಗೆ.

ನಮಗೆ ಒಬ್ಬ ಏಜೆಂಟ್, "ಟೂರಿಸ್ಟ್ ವೀಸಾದಲ್ಲಿ ಹೋಗಿಬಿಡಿ, ಅಲ್ಲೇ ಅರ್ಜಿ ಹಾಕಿಕೊಳ್ಳಬಹುದು" ಅಂದಿದ್ದ. ದಯವಿಟ್ಟು ಇದನ್ನು ಮಾಡಬೇಡಿ. ಅಲ್ಲೇ ಉಳಿಯುವ ಉದ್ದೇಶ ಮುಚ್ಚಿಟ್ಟು "ನೋಡಿಕೊಂಡು ಬರ್ತೀನಿ" ಅಂತ ಅಧಿಕಾರಿಗೆ ಹೇಳಿದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ಆ ಒಂದು ಸುಳ್ಳು ಜೀವನಪೂರ್ತಿ ಬಾಗಿಲು ಮುಚ್ಚಬಹುದು.

ಊರಲ್ಲೇ ಮುಗಿಸಬೇಕಾದ ಕೆಲಸ

ಮೊದಲ ಅರ್ಜಿ ಐ-130, ಸಂಗಾತಿಯನ್ನು ಕರೆಸಿಕೊಳ್ಳಲು ಅಮೆರಿಕದ ವಲಸೆ ಇಲಾಖೆಗೆ ಹಾಕುವುದು. ಅದನ್ನು ಹಾಕುವವರು ಪ್ರಜೆಯಾಗಿರುವ ಸಂಗಾತಿ. ಜೊತೆಗೆ ನಿಮ್ಮ ವಿವರದ ಐ-130ಎ ಇರುತ್ತದೆ. ಗಂಡ ತುಂಬಿದರೂ ಕಳಿಸುವ ಮೊದಲು ಪ್ರತಿ ಪುಟ ಓದಿ. ನನ್ನ ಇಮೇಲ್ ಕೂಡ ಅರ್ಜಿಯಲ್ಲಿ ಸೇರಿಸಿ ಅಂತ ನಾನು ಕೇಳಿಕೊಂಡೆ. ಕೊನೆಗೆ ಮುಂಬೈನ ಅಮೆರಿಕ ಕಾನ್ಸುಲೇಟಿನಲ್ಲಿ ಸಂದರ್ಶನಕ್ಕೆ ನಿಲ್ಲುವುದು ನಾವೇ ಅಲ್ವಾ?

ನನ್ನನ್ನು ಜಾಸ್ತಿ ಕಾಡಿದ್ದು ಹೆಸರು. ನಮ್ಮ ಕಡೆ ಇನಿಶಿಯಲ್ ಇರುತ್ತದೆ, ಮನೆತನದ ಹೆಸರು ಇರುವುದಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು. ಅಮೆರಿಕದ ವೀಸಾದಲ್ಲಿ ಏನಾಯಿತು ಗೊತ್ತಾ? ನನ್ನ ಹೆಸರು ಸರ್‌ನೇಮ್ ಆಯಿತು, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬಂತು. "ಮೊದಲ ಹೆಸರು ಗೊತ್ತಿಲ್ಲ" ಅಂತ ಅದರ ಅರ್ಥ. ಬ್ಯಾಂಕು, ಲೈಸೆನ್ಸು, ಆಸ್ಪತ್ರೆ, ಎಲ್ಲ ಕಡೆ ನಾನು ನಾಲ್ಕು ವರ್ಷ ಹೆಸರಿಲ್ಲದವಳಾಗಿದ್ದೆ. ನರ್ಸ್ ಹೊರಗೆ ಬಂದು "ಫ್ನೂ" ಅಂತ ಕರೆದಾಗ ನೋವಾಗುತ್ತಿತ್ತು. ಐ-130 ಹಾಕುವ ಮೊದಲೇ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಸೇರಿಸಿಕೊಳ್ಳಿ. ಆಧಾರ್, ಮದುವೆ ನೋಂದಣಿ ಪತ್ರ, ಪಾಸ್‌ಪೋರ್ಟ್, ಮೂರರಲ್ಲೂ ಹೆಸರಿನ ಒಂದೊಂದು ಅಕ್ಷರವೂ ಒಂದೇ ಥರ ಇರಲಿ.

ಜನನ ಪತ್ರವನ್ನೂ ಈಗಲೇ ತೆಗೆದು ನೋಡಿ. ನನ್ನದರಲ್ಲಿ ಅಪ್ಪ ಅಮ್ಮನ ಹೆಸರಿತ್ತು, ನನ್ನ ಹೆಸರಿನ ಜಾಗ ಖಾಲಿ. ಹೆರಿಗೆಯಾದಾಗ ಮಗುವಿಗೆ ಹೆಸರೇ ಇಟ್ಟಿರುವುದಿಲ್ಲ, ಆಮೇಲೆ ಯಾರೂ ಹೋಗಿ ಸೇರಿಸಿರುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೋರಿಸಿ ಹೆಸರು ಸೇರಿಸಿಕೊಂಡೆ. ನೋಂದಣಿಯೇ ಆಗಿಲ್ಲದಿದ್ದರೆ ಸಂಬಂಧಪಟ್ಟ ಕಚೇರಿಯಿಂದ "ದಾಖಲೆ ಲಭ್ಯವಿಲ್ಲ" ಎಂಬ ಪತ್ರ ಪಡೆಯಬೇಕು, ಜೊತೆಗೆ ಶಾಲೆಯ ದಾಖಲೆ, ಹಿರಿಯರ ಅಫಿಡವಿಟ್ ಇರಬೇಕು.

ಮದುವೆ ನಿಜವಾದದ್ದು ಅಂತ ತೋರಿಸುವುದು ಮುಂದಿನ ಮಾತು. ಮನೆಯವರು ನೋಡಿ ಮಾಡಿದ ಮದುವೆಯಲ್ಲಿ ಶುರುವಿನಲ್ಲಿ ಸಾಕ್ಷಿ ಕಡಿಮೆ. ಸ್ಟೇಜಿನ ಮೇಲೆ ನಿಂತ ಇನ್ನೂರು ಫೋಟೋ ಬೇಡ. ನಿಶ್ಚಿತಾರ್ಥ, ಧಾರೆ, ಎರಡೂ ಕಡೆ ಹಿರಿಯರು ಒಟ್ಟಿಗೆ ಊಟಕ್ಕೆ ಕೂತದ್ದು, ಹೀಗೆ ಬೇರೆ ಬೇರೆ ದಿನದ ಇಪ್ಪತ್ತು ಮೂವತ್ತು ಸಾಕು. ಅವರು ಬಂದುಹೋದ ವಿಮಾನದ ಟಿಕೆಟ್, ಫೋನ್ ಕರೆಗಳ ಪಟ್ಟಿ, ಲಗ್ನಪತ್ರಿಕೆ ಎಲ್ಲ ಇಡಿ. ಕನ್ನಡದ ಕಾಗದಕ್ಕೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಎರಡೂ ಭಾಷೆ ಬಲ್ಲವರು ಮಾಡಿ, "ಇದು ಸರಿಯಾಗಿದೆ, ನನಗೆ ಎರಡೂ ಭಾಷೆ ಬರುತ್ತದೆ" ಅಂತ ಬರೆದು ಸಹಿ ಹಾಕಿದರೆ ನಡೆಯುತ್ತದೆ. ನಮ್ಮ ಲಗ್ನಪತ್ರಿಕೆಯನ್ನು ನನ್ನ ಕಾಲೇಜಿನ ಗೆಳತಿ ಮಾಡಿಕೊಟ್ಟಳು.

ಐ-864 ಎಂಬ ಜವಾಬ್ದಾರಿ ಪತ್ರವನ್ನು ಹೆಣ್ಣುಮಕ್ಕಳು ತಪ್ಪದೆ ಓದಬೇಕು. ಅಲ್ಲಿನ ಬಡತನ ರೇಖೆಯ ಶೇ. 125ರಷ್ಟಾದರೂ ಆದಾಯ ತೋರಿಸಿ, ನಿಮ್ಮನ್ನು ನೋಡಿಕೊಳ್ಳುತ್ತೇನೆ ಅಂತ ಸಂಗಾತಿ ಸಹಿ ಹಾಕುತ್ತಾರೆ. ನನ್ನ ಗಂಡ ಆಗ ಇನ್ನೂ ಓದುತ್ತಿದ್ದರು, ಮಾವನವರೂ ಸಹಿ ಹಾಕಿದರು. ವಿಚ್ಛೇದನವಾದರೂ ಈ ಹೊಣೆ ತಪ್ಪುವುದಿಲ್ಲ. ನೀವು ಪ್ರಜೆಯಾಗುವವರೆಗೆ, ಅಥವಾ ಸುಮಾರು ಹತ್ತು ವರ್ಷದ ಕೆಲಸ ನಿಮ್ಮ ಲೆಕ್ಕಕ್ಕೆ ಸೇರುವವರೆಗೆ ಅದು ಉಳಿಯುತ್ತದೆ. ಪ್ರತಿ ನಿಮ್ಮ ಹತ್ತಿರ ಇರಲಿ.

ಆಮೇಲೆ ಡಿಎಸ್-260 ಎಂಬ ವೀಸಾ ಅರ್ಜಿ, ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್, ಕಾನ್ಸುಲೇಟ್ ಒಪ್ಪಿದ ವೈದ್ಯರ ತಪಾಸಣೆ. ಸಂದರ್ಶನ ಹತ್ತು ನಿಮಿಷವೂ ಆಗಲಿಲ್ಲ. ಅತ್ತೆ ಮನೆಯಲ್ಲಿ ಯಾರ್ಯಾರಿದ್ದಾರೆ, ಗಂಡ ಏನು ಓದುತ್ತಿದ್ದಾರೆ ಅಂತ ಕೇಳಿದರು, ಅಷ್ಟೆ.

ಕಾರ್ಡಿನ ಮೇಲಿನ ದಿನಾಂಕ

2020ರ ಮಾರ್ಚ್ ಮೊದಲ ವಾರ ಇಲ್ಲಿಗೆ ಬಂದಿಳಿದೆ. ಒಳಗೆ ಬಂದ ದಿನಕ್ಕೆ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಷರತ್ತಿನ ಗ್ರೀನ್ ಕಾರ್ಡ್, ಎರಡೇ ವರ್ಷದ್ದು. ಅದು ಮುಗಿಯುವ ಮುಂಚಿನ 90 ದಿನದೊಳಗೆ ಇಬ್ಬರೂ ಸೇರಿ ಷರತ್ತು ತೆಗೆಸುವ ಐ-751 ಅರ್ಜಿ ಹಾಕಬೇಕು. ಮರೆತರೆ ಇಲ್ಲಿರುವ ಹಕ್ಕೇ ಹೋಗಬಹುದು. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು, ವರ್ಷ ತಿರುಗಿದಾಗ ಹೊಸ ಕ್ಯಾಲೆಂಡರಿಗೂ ಇಳಿಸಿದೆ. ಒಟ್ಟಿಗೆ ಕಟ್ಟಿದ ತೆರಿಗೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಖಾತೆ, ಇನ್ಶೂರೆನ್ಸ್, ಇವೆಲ್ಲ ಮೊದಲ ತಿಂಗಳಿಂದಲೇ ಫೈಲಿಗೆ ಸೇರುತ್ತಾ ಬರಬೇಕು. ತೀರ್ಮಾನ ತಡವಾಗುತ್ತದೆ. ಅಲ್ಲಿಯವರೆಗೆ ರಸೀದಿ ಪತ್ರವೇ ಕಾರ್ಡಿನ ಅವಧಿ ಮುಂದುವರಿಸುತ್ತದೆ. 2023ರ ಜನವರಿಯಿಂದ ಅದು 48 ತಿಂಗಳು.

ಇನ್ನು ಒಂದು ವಿಷಯ ನಿಧಾನವಾಗಿ ಓದಿ. "ನಾನು ಸಹಿ ಹಾಕದಿದ್ದರೆ ನಿನ್ನನ್ನು ವಾಪಸ್ ಕಳಿಸ್ತಾರೆ" ಅಂತ ಯಾರಾದರೂ ನಿಮ್ಮನ್ನು ಹೆದರಿಸುತ್ತಿದ್ದರೆ, ಅದು ಪೂರ್ತಿ ನಿಜವಲ್ಲ. ಮದುವೆ ಒಳ್ಳೆಯ ಮನಸ್ಸಿನಿಂದಲೇ ಆಗಿ ಆಮೇಲೆ ವಿಚ್ಛೇದನವಾಗಿದ್ದರೆ, ಅಥವಾ ಹಿಂಸೆ ಇದ್ದರೆ, ಐ-751 ಅನ್ನು ನೀವೊಬ್ಬರೇ ಹಾಕಬಹುದು. 90 ದಿನಕ್ಕೆ ಕಾಯಲೂ ಬೇಕಿಲ್ಲ. ಗ್ರೀನ್ ಕಾರ್ಡೇ ಇನ್ನೂ ಬಂದಿಲ್ಲದ, ಹಿಂಸೆ ಅನುಭವಿಸಿದ ಸಂಗಾತಿಗೆ ತಾವೇ ಹಾಕಿಕೊಳ್ಳುವ ಐ-360 ಎಂಬ ಅರ್ಜಿ ಇದೆ, ಗಂಡಸರಿಗೂ ಇದೆ. ಅಮೆರಿಕದ ಕೌಟುಂಬಿಕ ಹಿಂಸೆಯ ಸಹಾಯವಾಣಿ 1-800-799-7233, ಹಗಲು ರಾತ್ರಿ ಇರುತ್ತದೆ. ಕಾನೂನು ಸಲಹೆಗೆ ಲೈಸೆನ್ಸ್ ಇರುವ ವಕೀಲರನ್ನೋ, ಸರ್ಕಾರದ ಮಾನ್ಯತೆ ಪಡೆದ ಪ್ರತಿನಿಧಿಯನ್ನೋ ಮಾತ್ರ ನಂಬಿ. ಚಿಕ್ಕಮ್ಮನ ಮಾತಿನ ತೂಕ ನನಗೆ ಗೊತ್ತಾದದ್ದು, ಪಕ್ಕದ ಊರಿನ ಒಬ್ಬ ಹುಡುಗಿ ಪಾಸ್‌ಪೋರ್ಟ್ ಎಲ್ಲಿದೆ ಅಂತಲೇ ಗೊತ್ತಿಲ್ಲದೆ ನಮ್ಮ ಮನೆಗೆ ಬಂದು ಕೂತ ದಿನ.

ಸಣ್ಣ ಎಚ್ಚರಿಕೆಗಳೂ ಇವೆ. ಮನೆ ಬದಲಿಸಿದರೆ 10 ದಿನದೊಳಗೆ ವಲಸೆ ಇಲಾಖೆಗೆ ವಿಳಾಸ ತಿಳಿಸಬೇಕು. ಲೈಸೆನ್ಸ್ ಕಚೇರಿಯಲ್ಲಿ "ಮತದಾರರ ಪಟ್ಟಿಗೆ ಸೇರಿಸಲಾ?" ಅಂತ ಕೇಳುತ್ತಾರೆ, ಬೇಡ ಅನ್ನಿ. ಪ್ರಜೆಯಾಗುವ ಮೊದಲು ಪ್ರಜೆ ಅಂತ ಹೇಳಿಕೊಂಡರೆ ಕ್ಷಮೆ ಸಿಗುವುದು ಬಹಳ ಕಷ್ಟ. ಊರಿನ ಖಾತೆಗಳಲ್ಲಿ ಎಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಆ ವರ್ಷದ ವರದಿಯನ್ನು ಅಮೆರಿಕ ಸರ್ಕಾರಕ್ಕೆ ಕೊಡಬೇಕು. ಅಪ್ಪ ನಿಮ್ಮ ಹೆಸರು ಸೇರಿಸಿ ಇಟ್ಟ ಎಫ್‌ಡಿಯೂ ಆ ಲೆಕ್ಕಕ್ಕೆ ಬರುತ್ತದೆ.

ಪೌರತ್ವ

ಗ್ರೀನ್ ಕಾರ್ಡ್ ಬಂದು ಮೂರು ವರ್ಷ ಆಗಿದ್ದು, ಆ ಮೂರೂ ವರ್ಷ ಪ್ರಜೆಯಾದ ಸಂಗಾತಿಯ ಜೊತೆ ಬಾಳಿದ್ದರೆ ಪೌರತ್ವದ ಅರ್ಜಿ ಎನ್-400 ಹಾಕಬಹುದು. ಇಲ್ಲದಿದ್ದರೆ ಐದು ವರ್ಷ. 90 ದಿನ ಮುಂಚೆಯೇ ಹಾಕಲು ಅವಕಾಶವಿದೆ. ಮೂರು ವರ್ಷದಲ್ಲಿ ಕನಿಷ್ಠ 18 ತಿಂಗಳು ದೇಶದೊಳಗೆ ಇದ್ದಿರಬೇಕು. ಒಂದೇ ಸಲ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಪ್ರಶ್ನೆ ಏಳುತ್ತದೆ. ಅಮ್ಮನಿಗೆ ಹುಷಾರಿಲ್ಲದಾಗ ನಾನು ಊರಿಗೆ ಹೋಗಿ, ದಿನ ಎಣಿಸಿಕೊಂಡು ಇದ್ದು, 172ನೇ ದಿನ ವಾಪಸ್ ಹೊರಟೆ. ಅಮ್ಮನನ್ನು ಬಿಟ್ಟು ಬರುವುದು ಸುಲಭವಾಗಿರಲಿಲ್ಲ.

2024ರ ಮೇ ತಿಂಗಳಲ್ಲಿ ಆನ್‌ಲೈನ್‌ನಲ್ಲಿ 710 ಡಾಲರ್ ಕಟ್ಟಿ ಅರ್ಜಿ ಹಾಕಿದೆ. ಐ-751 ಇನ್ನೂ ಬಾಕಿ ಇತ್ತು, ಎರಡಕ್ಕೂ ಒಂದೇ ದಿನ ಸಂದರ್ಶನ ಆಯಿತು. ಹಾಗಾಗಿ ಗಂಡನೂ ಬಂದಿದ್ದರು. ಅಮೆರಿಕದ ಇತಿಹಾಸ, ಸರ್ಕಾರದ ಬಗ್ಗೆ ಒಂದು ಪರೀಕ್ಷೆಯೂ ಇರುತ್ತದೆ. ನನಗೆ ಹತ್ತು ಪ್ರಶ್ನೆ, ಆರು ಸರಿ ಇದ್ದರೆ ಸಾಕಿತ್ತು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕುವವರಿಗೆ ಹೊಸ ಪರೀಕ್ಷೆ: 128 ಪ್ರಶ್ನೆ ಓದಿಕೊಳ್ಳಬೇಕು, 20ರವರೆಗೆ ಕೇಳುತ್ತಾರೆ, 12 ಸರಿ ಇರಬೇಕು. ಹೆಸರು ಬದಲಿಸಲು ಇದೇ ಅರ್ಜಿಯಲ್ಲಿ ಜಾಗವಿದೆ. ಅದಕ್ಕಾಗಿಯೇ ನಾನು ಪೌರತ್ವದ ಪ್ರಮಾಣವನ್ನು ಕೋರ್ಟಿನಲ್ಲಿ ಮಾಡುವುದನ್ನು ಆರಿಸಿಕೊಂಡೆ, ಅಲ್ಲಿ ಎಫ್‌ಎನ್‌ಯು ಹೋಗಿ ಅಪ್ಪ ಅಮ್ಮ ಇಟ್ಟ ಹೆಸರು ವಾಪಸ್ ಬಂತು.

ಪ್ರಮಾಣ ಮಾಡಿದ ಕ್ಷಣ ಭಾರತದ ಪೌರತ್ವ ಹೋಗುತ್ತದೆ. ನಮ್ಮಲ್ಲಿ ಎರಡು ಪೌರತ್ವ ಇಲ್ಲ. ಆಮೇಲೆ ಹಳೆಯ ಪಾಸ್‌ಪೋರ್ಟಿನಲ್ಲಿ ಪ್ರಯಾಣ ಮಾಡಬೇಡಿ, ದಂಡ ಬೀಳುತ್ತದೆ. ಮೊದಲು ಅಮೆರಿಕದ ಪಾಸ್‌ಪೋರ್ಟ್, ಆಮೇಲೆ ಹಳೆಯದನ್ನು ಒಪ್ಪಿಸಿದ ಪತ್ರ, ಆಮೇಲೆ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್. ಇದಕ್ಕೆಲ್ಲ ತಿಂಗಳುಗಳು ಬೇಕು. ಮನೆಯಲ್ಲಿ ಮದುವೆ, ಗೃಹಪ್ರವೇಶ ಇದ್ದರೆ ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ. ಹಳೆಯ ಪಾಸ್‌ಪೋರ್ಟ್ ರದ್ದು ಮುದ್ರೆ ಬಿದ್ದು ನಿಮಗೇ ವಾಪಸ್ ಬರುತ್ತದೆ. ನನ್ನದು ಚಿಕ್ಕಮ್ಮ ಕೊಟ್ಟ ಫೈಲಿನಲ್ಲೇ ಇದೆ.

ಒಸಿಐ ಇದ್ದರೆ ವೀಸಾ ಇಲ್ಲದೆ ಊರಿಗೆ ಹೋಗಿ ಎಷ್ಟು ದಿನ ಬೇಕಾದರೂ ಇರಬಹುದು. ಓಟು ಇಲ್ಲ. ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ಅಪ್ಪನಿಂದ ಪಿತ್ರಾರ್ಜಿತವಾಗಿ ಬರಬಹುದು. ನಮ್ಮದು ಎರಡು ಎಕರೆ ತೆಂಗಿನ ತೋಟ. ಪಕ್ಕದ ಅರ್ಧ ಎಕರೆ ನನ್ನ ಹೆಸರಿಗೆ ಕೊಳ್ಳಬೇಕು ಅಂತ ಅಪ್ಪನ ಆಸೆ. ನಾನು ಅದನ್ನು ಅವರ ಹತ್ತಿರ ಮಾತಾಡಿದ್ದು ಪ್ರಮಾಣ ಆದ ಮೇಲೆ. ನೀವು ಎನ್-400 ಹಾಕುವ ಮೊದಲೇ ಊರಿಗೆ ಫೋನ್ ಮಾಡಿ, ಕೂತು ಮಾತಾಡಿ.