ಗಡಿಯಾರದ ಕೆಳಗೆ ಸಿಗೋಣ ಅಂದಿದ್ದೆವು

2022ರ ಮೇ ತಿಂಗಳು. ಜ್ಯೂರಿಕ್‌ನ ಮುಖ್ಯ ರೈಲು ನಿಲ್ದಾಣದ ದೊಡ್ಡ ಹಾಲ್‌ನಲ್ಲಿ, ಗಡಿಯಾರದ ಕೆಳಗೆ ನಿಂತಿದ್ದೆ. ಚಿಕ್ಕಮ್ಮನ ರೈಲು ಬಂದು ಇಪ್ಪತ್ತು ನಿಮಿಷವಾಗಿತ್ತು. ಚಿಕ್ಕಮ್ಮ ಮಾತ್ರ ಬಂದಿರಲಿಲ್ಲ. ಕಳಿಸಿದ ಮೂರು ವಾಟ್ಸಾಪ್ ಮೆಸೇಜಿಗೂ ಒಂದೇ ಟಿಕ್. ಫೋನ್ ಮಾಡಿದರೆ ರಿಂಗೇ ಆಗುತ್ತಿರಲಿಲ್ಲ.

ಅವರಿಗೆ ಆಗ ಅರವತ್ಮೂರು ವರ್ಷ. ಮಿಲಾನ್‌ನಲ್ಲಿ ಮಗಳ ಮನೆಗೆ ಬಂದಿದ್ದರು. ಅವರು ಅಲ್ಲಿಂದ ರೈಲಿನಲ್ಲಿ ಬರುವುದು, ನಾನು ವಿಮಾನದಲ್ಲಿ ಬಂದು ಜ್ಯೂರಿಕ್‌ನಲ್ಲಿ ಇಳಿಯುವುದು, ಆಮೇಲೆ ಇಬ್ಬರೂ ಕೂರ್ ಎಂಬ ಊರಿಗೆ ಹೋಗಿ ನಾಲ್ಕು ದಿನ ಬೆಟ್ಟದ ರೈಲುಗಳಲ್ಲಿ ಸುತ್ತುವುದು. ಇಷ್ಟೇ ಪ್ಲಾನ್. ಹಿಂದಿನ ರಾತ್ರಿ ಫೋನಿನಲ್ಲಿ, "ಇಳಿದ ತಕ್ಷಣ ದೊಡ್ಡ ಗಡಿಯಾರದ ಕೆಳಗೆ ನಿಂತಿರಿ ಚಿಕ್ಕಮ್ಮ, ನಾನು ಅಲ್ಲಿಗೇ ಬರ್ತೀನಿ" ಅಂದಿದ್ದೆ. "ಆಯ್ತು ಪುಟ್ಟಿ, ಅಲ್ಲಿಂದ ಅಲ್ಲಾಡಲ್ಲ" ಅಂದಿದ್ದರು. ಅವರು ಕೊಟ್ಟ ಮಾತಿಗೆ ತಪ್ಪುವವರಲ್ಲ.

ಆ ಜಾಗವನ್ನು ನಾನು ಸುಮ್ನೆ ಆರಿಸಿರಲಿಲ್ಲ. ಹಾಲ್‌ನ ದೊಡ್ಡ ಗಡಿಯಾರದ ಕೆಳಗೆ ಸಿಗುವುದು ಜ್ಯೂರಿಕ್‌ನವರ ಹಳೆಯ ರೂಢಿ. ಅದಕ್ಕೆ 'ಟ್ರೆಫ್‌ಪುಂಕ್ಟ್' ಎನ್ನುತ್ತಾರೆ, ಅಂದರೆ ಭೇಟಿಯ ಜಾಗ. ನಾನು ಅಲ್ಲಿಗೆ ಮುಟ್ಟುವುದಕ್ಕೇ ಕಷ್ಟಪಟ್ಟಿದ್ದೆ. ವಿಮಾನ ನಿಲ್ದಾಣದಿಂದ ಹತ್ತು ಹನ್ನೆರಡು ನಿಮಿಷದ ದಾರಿ, ಆದರೆ ರೈಲು ನನ್ನನ್ನು ಇಳಿಸಿದ್ದು ನೆಲದಿಂದ ಎರಡು ಹಂತ ಕೆಳಗೆ, 33ನೇ ಪ್ಲಾಟ್‌ಫಾರ್ಮ್‌ನಲ್ಲಿ. ಅಲ್ಲಿ 3ರಿಂದ 18ರವರೆಗಿನವು ನೆಲದ ಮೇಲೆ. 31ರಿಂದ 34 ಮತ್ತು 41ರಿಂದ 44 ನೆಲದಡಿ, ಅದೂ ಬೇರೆ ಬೇರೆ ಕಡೆ. ಮೇಲೆ ಬಂದರೆ ಮೊದಲು ಸಿಗುವುದು ಅಂಗಡಿ ಸಾಲು. ಅದರ ಮೇಲೆ ಇನ್ನೊಂದು ಎಸ್ಕಲೇಟರ್. ಯಾವ ಎಸ್ಕಲೇಟರ್ ಹತ್ತುತ್ತೀರಿ ಅನ್ನುವುದರ ಮೇಲೆ ನೀವು ಎಲ್ಲಿ ತೇಲುತ್ತೀರಿ ಅನ್ನುವುದು ನಿಂತಿದೆ. ನಾನು ಒಂದು ಸಲ ರಸ್ತೆಗೇ ಹೋಗಿಬಿಟ್ಟಿದ್ದೆ. ಕೊನೆಗೆ ಹಾಲ್‌ನ ಚಾವಣಿಯಿಂದ ತೂಗುವ ದೇವತೆ ಕಂಡಳು. ನೀಲಿ ಮೈ, ಚಿನ್ನದ ಬಣ್ಣದ ರೆಕ್ಕೆ, ಹನ್ನೊಂದು ಮೀಟರ್ ಎತ್ತರ. ನಿಕಿ ಡ ಸೇನ್ ಫಾಲ್ ಎಂಬ ಕಲಾವಿದೆ ಮಾಡಿದ್ದು, 1997ರಿಂದ ಅಲ್ಲೇ ಇದ್ದಾಳೆ. ಅವಳನ್ನು ನೋಡಿದ ಮೇಲೆ ಸರಿಯಾದ ಜಾಗಕ್ಕೆ ಬಂದೆ ಅಂತ ಧೈರ್ಯ ಬಂತು.

ಚಿಕ್ಕಮ್ಮನ ರೈಲು 8ನೇ ಪ್ಲಾಟ್‌ಫಾರ್ಮ್ ಅಂತ ಬೋರ್ಡಿನಲ್ಲಿ ಬಂತು. ಹೋಗಿ ಎದುರುಗೊಳ್ಳೋಣ ಅನಿಸಿತು. ಆದರೆ ಗಡಿಯಾರದ ಕೆಳಗೆ ಅಂತ ಮಾತಾಗಿದೆ, ನಾನು ಆಚೆ ಹೋದಾಗ ಅವರು ಇನ್ನೊಂದು ಕಡೆಯಿಂದ ಈಚೆ ಬಂದರೆ? ಹಾಗಾಗಿ ಕದಲಲಿಲ್ಲ. ಜನ ಗುಂಪು ಗುಂಪಾಗಿ ಬಂದರು, ಕರಗಿದರು. ಐದು ನಿಮಿಷ, ಹತ್ತು ನಿಮಿಷ. ಪ್ರತಿ ಬಿಳಿ ಕೂದಲಿನ ತಲೆ ಕಂಡಾಗಲೂ ಅವರೇ ಅಂದುಕೊಂಡೆ. ಇಪ್ಪತ್ತನೇ ನಿಮಿಷಕ್ಕೆ ತಡೆಯಲಾಗದೆ 8ರ ತುದಿಯವರೆಗೆ ಓಡಿದೆ. ರೈಲು ಖಾಲಿ ನಿಂತಿತ್ತು. ಪ್ಲಾಟ್‌ಫಾರ್ಮ್ ಉದ್ದಕ್ಕೆ ಚಾಚಿಕೊಂಡಿತ್ತು. ಕಂಬ, ಬೆಂಚು, ಮುಂದಿನ ರೈಲಿಗೆ ಕಾಯುವ ಜನ. ಒಂದು ನೋಟ ಹಾಯಿಸಿ, ಇಲ್ಲ ಅಂದುಕೊಂಡು ಮತ್ತೆ ಗಡಿಯಾರಕ್ಕೆ ಓಡಿದೆ. ಕೂರ್‌ಗೆ ಹಿಡಿಯಬೇಕಿದ್ದ ರೈಲು ಹೊರಟುಹೋಯಿತು. ಅದರ ಬಗ್ಗೆ ಯೋಚನೆಯೇ ಬರಲಿಲ್ಲ.

ಮಾಹಿತಿ ಕೇಂದ್ರದಲ್ಲಿದ್ದ ಸಿಬ್ಬಂದಿ ತುಂಬ ತಾಳ್ಮೆಯಿಂದ ಕೇಳಿಸಿಕೊಂಡರು. ಅವರು ಕೇಳಿದ ಮೊದಲ ಪ್ರಶ್ನೆ: ಯಾವ ಬೋಗಿ? ನನಗೆ ಗೊತ್ತಿರಲಿಲ್ಲ. ಟಿಕೆಟ್ ತೆಗೆದವಳು ತಂಗಿ, ಅದು ಇದ್ದದ್ದು ಚಿಕ್ಕಮ್ಮನ ಕೈಯಲ್ಲಿ. ಎರಡನೇ ಪ್ರಶ್ನೆ: ಏನು ಬಟ್ಟೆ ಹಾಕಿದ್ದಾರೆ? ಅದೂ ಗೊತ್ತಿಲ್ಲ. ಮನೆಯವರನ್ನು ಹುಡುಕುತ್ತಿದ್ದೇನೆ, ಅವರನ್ನು ಗುರುತಿಸಲು ಬೇರೆಯವರಿಗೆ ಹೇಳೋಕೆ ನನ್ನ ಹತ್ತಿರ ಒಂದು ವಿಷಯವೂ ಇಲ್ಲ. ಆ ಕ್ಷಣ ಹೊಟ್ಟೆಯೊಳಗೆ ಏನೋ ಕುಸಿದಂತಾಯಿತು.

ಅಷ್ಟರಲ್ಲಿ ಮಿಲಾನ್‌ನಿಂದ ತಂಗಿ ಫೋನ್ ಮಾಡಿದಳು. "ಅಕ್ಕಾ, ಅಮ್ಮ ಯಾರದ್ದೋ ಫೋನಿನಿಂದ ಮಾಡಿದ್ರು. ಗಡಿಯಾರದ ಕೆಳಗೇ ನಿಂತಿದ್ದಾರಂತೆ. ನೀನು ಎಲ್ಲಿದ್ದೀಯಾ?"

"ನಾನೂ ಗಡಿಯಾರದ ಕೆಳಗೇ ಇದ್ದೀನಲ್ಲೇ!"

ಇಬ್ಬರೂ ಒಂದು ಗಳಿಗೆ ಸುಮ್ಮನಾದೆವು. ತಂಗಿಗೇ ಮೊದಲು ಹೊಳೆದದ್ದು. ಅವಳು ಆ ನಂಬರಿಗೆ ವಾಪಸ್ ಫೋನ್ ಮಾಡಿ, ತಲೆಯ ಮೇಲೆ ತೂಗುಹಾಕಿದ ಬೋರ್ಡಿನಲ್ಲಿ ಯಾವ ದೊಡ್ಡ ಅಕ್ಷರ ಇದೆ ಅಂತ ಕೇಳಿದಳು. 'ಸಿ' ಅಂತ ಉತ್ತರ ಬಂತು. ಪಕ್ಕದಲ್ಲಿ ಎಂಟು ಅಂತ ಅಂಕಿ. ಅಲ್ಲಿನ ಪ್ಲಾಟ್‌ಫಾರ್ಮ್‌ಗಳನ್ನು ಎ, ಬಿ, ಸಿ, ಡಿ ಅಂತ ಭಾಗ ಮಾಡಿ ಅಕ್ಷರ ತೂಗುಹಾಕಿರುತ್ತಾರೆ. ನಾನು ತುದಿಯಲ್ಲಿ ನಿಂತು ಒಂದೇ ನೋಟಕ್ಕೆ ಖಾಲಿ ಅಂದುಕೊಂಡಿದ್ದ ಅದೇ ಪ್ಲಾಟ್‌ಫಾರ್ಮ್‌ನ ನಡುವೆ ಚಿಕ್ಕಮ್ಮ ಇದ್ದರು.

ಆದದ್ದು ಇಷ್ಟು. ಮಿಲಾನ್‌ನ ನಿಲ್ದಾಣದಲ್ಲಿ ಟಿಕೆಟ್ ಇದ್ದವರನ್ನು ಮಾತ್ರ ಗೇಟಿನೊಳಗೆ ಬಿಡುತ್ತಾರೆ. ಹಾಗಾಗಿ ತಂಗಿ ಗೇಟಿನಲ್ಲೇ ನಿಂತಳು, ಚಿಕ್ಕಮ್ಮ ಒಬ್ಬರೇ ಬೋಗಿ ಹುಡುಕಿ ಕೂತರು. ಗಡಿ ದಾಟಿದ ಮೇಲೆ ಅವರ ಫೋನಿನಲ್ಲಿ ನೆಟ್‌ವರ್ಕ್ ಹೋಯಿತು. ಅವರಲ್ಲಿದ್ದದ್ದು ಇಟಲಿಯ ಸಿಮ್. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ. ಒಕ್ಕೂಟದೊಳಗೆ ಎಲ್ಲೆಡೆ ನಡೆಯುವ ರೋಮಿಂಗ್ ಅಲ್ಲಿ ತಾನಾಗಿ ನಡೆಯುವುದಿಲ್ಲ, ಪ್ಲಾನ್‌ನಲ್ಲಿ ಬೇರೆಯಾಗಿ ಸೇರಿರಬೇಕು. ಅವರದ್ದರಲ್ಲಿ ಸೇರಿರಲಿಲ್ಲ. ಮುಂದೆ 57 ಕಿಲೋಮೀಟರಿನ ಗೊಟ್‌ಹಾರ್ಡ್ ಸುರಂಗ ಬಂತಲ್ಲ, ಸುರಂಗದಿಂದಾಗಿ ಹೀಗಾಗಿದೆ, ಹೊರಗೆ ಬಂದ ಮೇಲೆ ಸರಿಹೋಗುತ್ತೆ ಅಂತ ಅವರು ಅಂದುಕೊಂಡರು. ಸರಿಹೋಗಲಿಲ್ಲ.

ಇಳಿದಾಗ ಜನರೆಲ್ಲ ಪ್ಲಾಟ್‌ಫಾರ್ಮ್‌ನ ನಡುವೆ ಇರುವ ದಾರಿಯಲ್ಲಿ ಕೆಳಗೆ ಇಳಿದು ಹೋಗುತ್ತಿದ್ದರು. ಚಿಕ್ಕಮ್ಮ ಹೋಗಲಿಲ್ಲ. ಯಾಕೆಂದರೆ ಎದುರಿಗೇ ಗಡಿಯಾರ ಇತ್ತು. ದೊಡ್ಡದೇ ಇತ್ತು. ಆ ದೇಶದ ನಿಲ್ದಾಣಗಳಲ್ಲಿ ಎಲ್ಲಿ ನೋಡಿದರೂ ಅದೇ ಗಡಿಯಾರ: ಬಿಳಿ ಮುಖ, ಕಪ್ಪು ಗೆರೆ, ತುದಿಯಲ್ಲಿ ಗುಂಡನೆಯ ತಟ್ಟೆ ಇರುವ ಕೆಂಪು ಸೆಕೆಂಡ್ ಮುಳ್ಳು. 1944ರಲ್ಲಿ ಹಾನ್ಸ್ ಹಿಲ್ಫಿಕರ್ ಎಂಬ ಎಂಜಿನಿಯರ್ ರೂಪಿಸಿದ್ದು. ಕೆಂಪು ಮುಳ್ಳು ಆಮೇಲೆ ಸೇರಿತು. ರೈಲಿಗೆ ಹೊರಡಲು ಸನ್ನೆ ಕೊಡುವವರ ಕೈಯಲ್ಲಿರುವ ಕೋಲಿನ ಆಕಾರ ಅದಕ್ಕೆ. ಇಷ್ಟೆಲ್ಲ ಓದಿಕೊಂಡಿದ್ದ ನಾನು, "ಗಡಿಯಾರದ ಕೆಳಗೆ" ಅಂತ ಹೇಳಿದರೆ ಆ ದೇಶದಲ್ಲಿ ಏನೂ ಹೇಳಿದಂತಾಗುವುದಿಲ್ಲ ಅಂತ ಯೋಚಿಸಿರಲಿಲ್ಲ.

ನಾನು ಓಡಿಹೋದಾಗ ಅವರು ಸೂಟ್‌ಕೇಸಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು. ಫೋನ್ ಕೊಟ್ಟವಳು ಅವಳೇ. ನಾನು ಬರುವವರೆಗೂ ಹೋಗಲಿಲ್ಲ. ತನ್ನ ಒಂದು ರೈಲನ್ನೂ ಬಿಟ್ಟಿದ್ದಳಂತೆ. ಥ್ಯಾಂಕ್ಸ್ ಹೇಳಿ ಮುಗಿಸುವಷ್ಟರಲ್ಲಿ ಕೈಬೀಸಿ ಮೆಟ್ಟಿಲಿಳಿದು ಹೋದಳು. ಚಿಕ್ಕಮ್ಮ ಅಳಲಿಲ್ಲ, ಬೈಯಲೂ ಇಲ್ಲ. ಗಡಿಯಾರ ತೋರಿಸಿ, "ಆ ಕೆಂಪು ಮುಳ್ಳು ಮೇಲೆ ಬಂದಾಗಲೆಲ್ಲ ಒಂಚೂರು ನಿಲ್ಲುತ್ತೆ ಕಣೇ. ಆಮೇಲೆ ನಿಮಿಷದ ಮುಳ್ಳು ಟಕ್ ಅಂತ ಹಾರುತ್ತೆ. ಆವಾಗಿಂದ ಅದನ್ನೇ ನೋಡ್ತಾ ಇದ್ದೆ" ಅಂದರು. ನಿಜ, ಒಂದೂವರೆ ಸೆಕೆಂಡಿನಷ್ಟು ನಿಲ್ಲುತ್ತದೆ. ಅಂಥ ಸಣ್ಣ ತಡೆ ಕಣ್ಣಿಗೆ ಬೀಳಬೇಕಾದರೆ ಎಷ್ಟು ಹೊತ್ತು ನೋಡಿರಬೇಕು. ನಲವತ್ತು ನಿಮಿಷ.

ಕೂರ್‌ಗೆ ಮುಂದಿನ ರೈಲು ಹಿಡಿದೆವು. ಅಲ್ಲಿನ ಮಾಮೂಲಿ ಟಿಕೆಟ್ ಇಂಥದ್ದೇ ರೈಲಿಗೆ ಅಂತ ಇರುವುದಿಲ್ಲ. ರಿಯಾಯಿತಿ ಟಿಕೆಟ್ ತೆಗೆದಿದ್ದರೆ ಆ ದುಡ್ಡು ಹೋಗುತ್ತಿತ್ತು. ಆದರೆ ಒಂದು ವಿಷಯ ಆಮೇಲೆ ನೆನಪಾಗಿ ಮೈ ಜುಮ್ಮೆಂದಿತು. ಕೂರ್‌ನ ಎರಡೂ ಟಿಕೆಟ್ ನನ್ನ ಫೋನಿನಲ್ಲೇ ಇದ್ದವು. ಉಳಿಯುವ ಜಾಗದ ವಿಳಾಸವೂ ನನ್ನ ಫೋನಿನಲ್ಲೇ. ಅವರ ಹತ್ತಿರ ಇದ್ದದ್ದು ಪರ್ಸಿನಲ್ಲಿ ಮಗಳ ನಂಬರ್ ಬರೆದ ಒಂದು ಚೀಟಿ ಮಾತ್ರ. ನಮ್ಮನ್ನು ಸೇರಿಸಿದ್ದು ಆ ಚೀಟಿಯೇ.

ಅಂದಿನಿಂದ ಗೊತ್ತಿಲ್ಲದ ನಿಲ್ದಾಣದಲ್ಲಿ ಯಾರನ್ನೇ ಭೇಟಿಯಾಗುವುದಿದ್ದರೂ ನಾನು ಮೊದಲು ಮಾಡುವುದು ಚೀಟಿ. ಎರಡು ಬರೆಯುತ್ತೇನೆ, ಇಬ್ಬರಿಗೂ ಒಂದೊಂದು. ನನ್ನ ನಂಬರ್, ದೇಶದ ಕೋಡ್ ಸಮೇತ. ಮನೆಯಲ್ಲೇ ಕೂತಿರುವ ಮೂರನೆಯವರೊಬ್ಬರ ನಂಬರ್. ಈ ಮೂರನೆಯವರು ತುಂಬ ಮುಖ್ಯ. ಕಳೆದುಹೋದ ಇಬ್ಬರೂ ಒಬ್ಬರನ್ನೊಬ್ಬರು ಹುಡುಕುವುದಕ್ಕಿಂತ ಇಬ್ಬರೂ ಆ ಮೂರನೆಯವರಿಗೆ ಫೋನ್ ಮಾಡುವುದು ಸುಲಭ. ಜೊತೆಗೆ ಮುಂದಿನ ರೈಲು, ಇಳಿಯುವ ಊರು, ಹೋಟೆಲಿನ ವಿಳಾಸ. ಟಿಕೆಟ್ ಅವರವರ ಕೈಯಲ್ಲೇ.

ಎರಡನೆಯದು, ಕಾಯುವವರು ಯಾರು, ಹುಡುಕುವವರು ಯಾರು ಅಂತ ಮೊದಲೇ ಮಾತಾಡಿಕೊಳ್ಳುವುದು. ಇದನ್ನು ಯಾರೂ ಮಾತಾಡಿಕೊಳ್ಳುವುದಿಲ್ಲ. ಇಬ್ಬರೂ ಕಾದರೆ ನಮ್ಮ ಹಾಗಾಗುತ್ತದೆ. ಇಬ್ಬರೂ ಹುಡುಕಿದರೆ ಅದಕ್ಕಿಂತ ಕಷ್ಟ. ವಯಸ್ಸಾದವರು, ಲಗೇಜ್ ಜಾಸ್ತಿ ಇರುವವರು, ಭಾಷೆ ಬಾರದವರು ರೈಲಿನಿಂದ ಇಳಿದ ಬಾಗಿಲ ಎದುರೇ ನಿಲ್ಲಬೇಕು, ಇನ್ನೊಬ್ಬರು ಹೋಗಬೇಕು. ಹುಡುಕುವವರಿಗೆ ಬೋಗಿ ನಂಬರ್ ಗೊತ್ತಿದ್ದರೆ ಮುಗಿಯಿತು. ಟಿಕೆಟಿನ ಫೋಟೋ, ಅಂದು ಬೆಳಗ್ಗೆ ಹೊರಡುವಾಗ ನಿಂತ ಫೋಟೋ, ಇವೆರಡನ್ನು ನಾನು ಈಗ ಬಿಡದೆ ತರಿಸಿಕೊಳ್ಳುತ್ತೇನೆ. ಬಟ್ಟೆಯ ಬಣ್ಣ ಹೇಳಲು ಬಂದರೆ ಸಿಬ್ಬಂದಿಗೂ ಸಹಾಯ ಮಾಡಲು ದಾರಿ ಸಿಗುತ್ತದೆ.

ಪ್ಲಾಟ್‌ಫಾರ್ಮ್‌ಗೆ ಹೋಗಲು ಬಿಡುವುದಿಲ್ಲ ಅಂತಾದರೆ ಬೇರೆ ಜಾಗ ಬೇಕು. ಸ್ವಿಟ್ಜರ್ಲೆಂಡ್, ಜರ್ಮನಿಯ ಮುಖ್ಯ ನಿಲ್ದಾಣಗಳಲ್ಲಿ ಗೇಟ್ ಇಲ್ಲ, ಯಾರು ಬೇಕಾದರೂ ರೈಲಿನವರೆಗೆ ಹೋಗಬಹುದು. ಟೋಕಿಯೊದಲ್ಲಿ ಹಾಗಲ್ಲ. ಅಲ್ಲಿನ ಟೋಕಿಯೊ ಸ್ಟೇಷನ್‌ನಲ್ಲಿ 'ಗಿನ್ ನೋ ಸುಜು' ಅಂತ ಬೆಳ್ಳಿ ಗಂಟೆಯೊಂದಿದೆ, ಜನ ಭೇಟಿಯಾಗಲೆಂದೇ 1968ರಲ್ಲಿ ಶುರುವಾದ ಜಾಗ. ಎಲ್ಲರಿಗೂ ಗೊತ್ತು, ಕೇಳಿದರೆ ಯಾರಾದರೂ ತೋರಿಸುತ್ತಾರೆ. ಆದರೆ ಅದು ಟಿಕೆಟ್ ಗೇಟಿನ ಒಳಗೆ, ನೆಲಮಾಳಿಗೆಯಲ್ಲಿದೆ. ಗೆಳತಿಯೊಬ್ಬಳು ಹೊರಗಿನಿಂದ ನಡೆದು ಬರುವವಳಿದ್ದಳು, ನಾನು ರೈಲಿನಲ್ಲಿ. ಬೆಳ್ಳಿ ಗಂಟೆ ಅಂತ ಹೇಳಿದ್ದರೆ ಅವಳು ಪ್ರವೇಶ ಟಿಕೆಟ್ ಕೊಂಡು ಒಳಗೆ ಬರಬೇಕಿತ್ತು. ಹೊರಗೇ ಸಿಗೋಣ ಅಂತ ಬದಲಿಸಿದೆವು. ಅದಾದ ಮೇಲೂ ಯಾವ ಕಡೆ ಅಂತ ಹೇಳಬೇಕು, ಮರುನೋಉಚಿ ಕಡೆಯೋ ಯಾಏಸು ಕಡೆಯೋ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುತ್ತಿ ಬರುವುದು ಸಣ್ಣ ನಡಿಗೆಯಲ್ಲ.

ಬರ್ಲಿನ್‌ನಲ್ಲಿ ಮಹಡಿ ಹೇಳಬೇಕು. ಅಲ್ಲಿ 1ರಿಂದ 8ರವರೆಗಿನ ಪ್ಲಾಟ್‌ಫಾರ್ಮ್ ನೆಲದಡಿ, 11ರಿಂದ 16 ನೆಲದಿಂದ ಮೇಲೆ. ನಡುವೆ ಅಂಗಡಿಗಳ ಅಂತಸ್ತುಗಳು. ಬರೀ "ಕಾಫಿ ಅಂಗಡಿ ಹತ್ತಿರ" ಅಂದರೆ ಮೂರು ಕಡೆ ನಿಲ್ಲಬಹುದು. ಅಲ್ಲಿ ನಾನು ಹುಡುಕುವುದು ನಾಲ್ಕು ಬಾಣಗಳು ನಡುವಿನ ಚುಕ್ಕೆಯತ್ತ ತಿರುಗಿರುವ ಬೋರ್ಡು. ಭೇಟಿಯ ಜಾಗಕ್ಕೆ ಹಲವು ದೇಶಗಳಲ್ಲಿ ಬಳಸುವ ಗುರುತು ಅದು, ಓದು ಬೇಕಾಗಿಲ್ಲ. ಕಾಗದದ ಮೇಲೆ ಬಿಡಿಸಿ ತೋರಿಸಿದರೂ ಸಾಕು.

ಇನ್ನೂ ಸಿಗದಿದ್ದರೆ? ಪ್ರತಿ ಗಂಟೆ ಸರಿಯಾಗಿ ಆದಾಗ ಇಬ್ಬರೂ ಮೊದಲು ಹೇಳಿದ ಜಾಗಕ್ಕೆ ಬರುವುದು. ಫೋನ್ ಇಲ್ಲದ ಕಾಲದ ಉಪಾಯ, ಈಗಲೂ ನಡೆಯುತ್ತದೆ.

2025ರ ಜೂನ್‌ನಲ್ಲಿ ಚಿಕ್ಕಮ್ಮ ಮತ್ತೆ ಒಬ್ಬರೇ ಹೊರಟರು, ಈ ಸಲ ಮಿಲಾನ್‌ನಿಂದ ಪ್ಯಾರಿಸ್‌ಗೆ. ರೈಲು ಬರುವುದು ಗಾರ್ ದ ಲಿಯೋನ್ ನಿಲ್ದಾಣಕ್ಕೆ. ಅಲ್ಲಿ ಒಂದು ಹಾಲ್‌ನ ಪ್ಲಾಟ್‌ಫಾರ್ಮ್‌ಗಳಿಗೆ ಅಕ್ಷರ, ಇನ್ನೊಂದು ಹಾಲ್‌ನವಕ್ಕೆ ಅಂಕಿ. ಹೊರಗೆ 67 ಮೀಟರಿನ ಗಡಿಯಾರದ ಗೋಪುರ. ನಾನು ಅದರ ಸುದ್ದಿ ಎತ್ತುವ ಮೊದಲೇ ಅವರು ಹೇಳಿದರು: "ಗಡಿಯಾರ ಬೇಡ ಪುಟ್ಟಿ. ನನ್ನ ರೈಲಿನ ಮೂತಿ ಎಲ್ಲಿ ಬಂದು ನಿಲ್ಲುತ್ತೋ, ನೀನು ಅದರ ಎದುರಿಗೆ ನಿಲ್ಲು. ನಾನು ನಡೆದು ಬರ್ತೀನಿ. ಬೋಗಿ ನಾಲ್ಕು. ಹಸಿರು ಶಾಲು."

ರೈಲು ಬಂದು ನಿಂತಿತು. ಜನರ ಮಧ್ಯೆ ದೂರದಲ್ಲಿ ಹಸಿರು ಶಾಲು ಕಂಡಿತು. ನಾನು ಕೈ ಎತ್ತಿದೆ. ಅವರೂ ಎತ್ತಿದರು, ಕೈಯಲ್ಲಿ ಚೀಟಿ ಹಾಗೇ ಇತ್ತು.