ಎಲುಬಿನ ಕೋಶಕ್ಕೆ ಹಾರ್ಮೋನ್ ಕೊಡುವ ಮೊದಲು

ಮೊಣಕಾಲು ಕೀಲು ಬದಲಿಸುವಾಗ ಡಾಕ್ಟರು ಕತ್ತರಿಸಿ ತೆಗೆಯುವ ಎಲುಬಿನಿಂದಲೇ, ಎಲುಬು ಕಟ್ಟುವ ಕೋಶ ಬೆಳೆಸಿ ಹಾರ್ಮೋನ್ ಕೊಟ್ಟು ನೋಡುವ ನನ್ನ ಕೆಲಸ ಶುರು. ಬೆಳಗಾವಿಯಲ್ಲಿ ಪಿಎಚ್.ಡಿ.ಗೆ ಸೇರಿದಾಗ ಮೊದಲ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರು ಗೋಕಾಕ ಕಡೆಯ ಒಬ್ಬ ಅಜ್ಜಿ. "ಒಗಿಯೂ ಎಲುಬು ಅಲ್ಲೇನ ಯವ್ವಾ, ತಗೊ. ಯಾರಿಗರ ಉಪಯೋಗ ಆಗ್ಲಿ" ಅಂದರು.

ಅಕ್ಕಿಕಾಳಿನಷ್ಟು ಚೂರು ಮಾಡಿ, ರಕ್ತ, ಮಜ್ಜೆ ಹೋಗಿ ಬೆಳ್ಳಗಾಗುವತನಕ ತೊಳೆದು, ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರವ) ಹಾಕಿ 37 ಡಿಗ್ರಿಯಲ್ಲಿಟ್ಟೆ. ಮೊದಲ ವಾರ ಫ್ಲಾಸ್ಕ್ ಮುಟ್ಟಲೇಬಾರದು, ಅಲುಗಿದರೆ ಅಂಟಿದ ಚೂರು ಕಿತ್ತು ಬರುತ್ತವೆ. ಒಂಬತ್ತನೆಯ ದಿನ ನೋಡಿದರೆ ಚೂರಿನ ಅಂಚಿನಿಂದ ಉದ್ದುದ್ದ ಕೋಶಗಳು ತೆವಳಿ ಹೊರಬಂದಿದ್ದವು! ತಳ ತುಂಬಲು ಐದು ವಾರ ಹಿಡಿಯಿತು.

ಆಮೇಲೆ ಎಸ್ಟ್ರಡಯಾಲ್ ಎಂಬ ಈಸ್ಟ್ರೋಜನ್ ಹಾರ್ಮೋನ್ ಕೊಟ್ಟೆ. ಮುಟ್ಟು ನಿಂತ ಹೆಂಗಸರ ಎಲುಬು ಸವೆಯಲು ಈ ಹಾರ್ಮೋನ್ ಇಳಿಯುವುದೇ ದೊಡ್ಡ ಕಾರಣ. ಎಲುಬು ಕಟ್ಟುವ ಕೋಶದಲ್ಲೇ ಅದನ್ನು ಹಿಡಿಯುವ ಗ್ರಾಹಕ (ರಿಸೆಪ್ಟರ್) ಇದೆಯೆಂದು 1988ರಲ್ಲೇ ತೋರಿಸಿದ್ದಾರೆ. ಆದರೂ ಹಾರ್ಮೋನ್ ಕೊಟ್ಟ ವೆಲ್‌ಗೂ (ಪ್ಲೇಟಿನ ಪುಟ್ಟ ಗುಳಿ) ಕೊಡದ ವೆಲ್‌ಗೂ ಏನೂ ಫರಕಿಲ್ಲ. ಮೂರು ಸಲ ಮಾಡಿದೆ. ಅಜ್ಜಿಯ ಕೋಶ ಕೆಡಿಸಿಬಿಟ್ಟೆನೇನೋ ಅಂತ ಕಳವಳವಾಯಿತು.

ತಪ್ಪು ಮೀಡಿಯಂನಲ್ಲಿತ್ತು. ಅದಕ್ಕೆ ಕೆಂಪು ಬಣ್ಣ ಕೊಡುವ ಫೀನಾಲ್ ರೆಡ್ ತಾನೇ ಈಸ್ಟ್ರೋಜನ್ನಿನ ಹಾಗೆ ತುಸು ವರ್ತಿಸುತ್ತದೆ. ಮೇಲೆ ಶೇ. 10 ಕರುವಿನ ಸೀರಮ್ (ರಕ್ತದ ತಿಳಿ). ಅದರಲ್ಲಿ ಸ್ಟೀರಾಯ್ಡ್ ಹಾರ್ಮೋನುಗಳೂ ಇವೆ, ಐಜಿಎಫ್, ಟಿಜಿಎಫ್-ಬೀಟಾದಂಥ ಬೆಳವಣಿಗೆ ಅಂಶಗಳೂ ಇವೆ. ಉಂಡು ಕೂತವರಿಗೆ ಮತ್ತೆ ಬಡಿಸಿ, ಯಾಕೆ ಉಣ್ಣವಲ್ಲರು ಅಂತ ಕೇಳಿದಂತಾಗಿತ್ತು.

ಈಗ ಬಣ್ಣವಿಲ್ಲದ ಮೀಡಿಯಂ ತರಿಸುತ್ತೇನೆ. ಸೀರಮ್ಮನ್ನು ಇದ್ದಿಲು ಪುಡಿಯಲ್ಲಿ ಕಲಸಿ ತೆಗೆದರೆ ಸ್ಟೀರಾಯ್ಡ್ ಹೋಗುತ್ತವೆ, ಪ್ರೋಟೀನ್ ಜಾತಿಯ ಬೆಳವಣಿಗೆ ಅಂಶಗಳು ಪೂರ್ತಿ ಹೋಗುವುದಿಲ್ಲ. ಅದಕ್ಕೇ ಐಜಿಎಫ್ ಪರೀಕ್ಷಿಸುವಾಗ ಹಿಂದಿನ ದಿನವೇ ಮೀಡಿಯಂಗೆ ಸೀರಮ್ ಹಾಕುವುದನ್ನೇ ಬಿಡುತ್ತೇನೆ. ಎಸ್ಟ್ರಡಯಾಲ್ ಕರಗಿಸಲು ಬಳಸುವ ಎಥನಾಲನ್ನು, ಬರಿಯದನ್ನೇ, ಹಾರ್ಮೋನ್ ಕೊಡದ ವೆಲ್‌ಗೂ ಅಷ್ಟೇ ಹಾಕಬೇಕು. ಒಂದು ಸಾಲು ಕ್ಯಾಲ್ಸಿಟ್ರಿಯಾಲ್‌ಗೆ (ವಿಟಮಿನ್ ಡಿಯ ಸಕ್ರಿಯ ರೂಪ) ಮೀಸಲು. ಅದಕ್ಕೆ ಆಸ್ಟಿಯೋಕ್ಯಾಲ್ಸಿನ್ (ಎಲುಬು ಕಟ್ಟುವ ಕೋಶದ ಒಂದು ಪ್ರೋಟೀನ್) ಏರದಿದ್ದರೆ ಆ ಪ್ಲೇಟನ್ನು ನಾನು ನಂಬುವುದಿಲ್ಲ.

ಹೀಗೆ ಮಾಡಿದ ಮೊದಲ ಪ್ಲೇಟಿನಲ್ಲಿ ಎಲುಬು ಕಟ್ಟುವ ಕೋಶದ ಗುರುತಾದ ಆಲ್ಕಲೈನ್ ಫಾಸ್ಫಟೇಸ್ ಕಿಣ್ವದ ಪರೀಕ್ಷೆಯ ಹಳದಿ ಬಣ್ಣ, ಎಸ್ಟ್ರಡಯಾಲ್ ಸಾಲಿನಲ್ಲಿ ಕಣ್ಣಿಗೇ ಗಾಢವಾಗಿ ಕಂಡಿತು. ಆದರೆ ಎರಡನೆಯ ದಾನಿಯ ಕೋಶ ಅಷ್ಟು ಸ್ಪಂದಿಸಲಿಲ್ಲ. ಒಬ್ಬರ ಎಲುಬು ನೋಡಿ ತೀರ್ಮಾನ ಬರೆಯಲು ನನಗೆ ಧೈರ್ಯವಿಲ್ಲ. ಐದನೆಯವರ ಚೂರುಗಳು ಇನ್‌ಕ್ಯುಬೇಟರ್‌ನಲ್ಲಿವೆ, ಇವತ್ತಿಗೆ ನಾಲ್ಕು ದಿನ. ಇನ್ನೂ ಮುಟ್ಟಿಲ್ಲ.