ಹಿತ್ತಲ ಕೋಳಿಗಳ ಪುಕ್ಕ ಉದುರಿದಾಗ ಏನು ಮಾಡಬೇಕು

ಸಾಕಿದ ಹೇಂಟೆಯ ಪುಕ್ಕ ಉದುರತೊಡಗಿದ ಕೂಡಲೇ ಔಷಧಿ ಅಂಗಡಿಗೆ ಹೋಗುವ ಅಗತ್ಯವಿಲ್ಲ. ಮೈಯ ಯಾವ ಭಾಗ ಬೋಳಾಗಿದೆ, ಅಲ್ಲಿನ ಚರ್ಮ ಹೇಗಿದೆ, ಕೋಳಿಯ ವಯಸ್ಸೆಷ್ಟು ಎಂಬುದನ್ನು ನೋಡಿದರೆ ಕಾರಣ ಬಹುಮಟ್ಟಿಗೆ ತಿಳಿಯುತ್ತದೆ. ಹಗಲಿನಲ್ಲಿ ಅಟ್ಟಾಡಿಸಿ ಹಿಡಿಯುವ ಬದಲು, ಕೋಳಿ ಗೂಡು ಸೇರಿ ಕತ್ತಲಾದ ಮೇಲೆ ಟಾರ್ಚ್ ಬೆಳಕಿನಲ್ಲಿ ಪರೀಕ್ಷಿಸುವುದು ಮೇಲು. ಆಗ ಕೋಳಿಯೂ ಗಾಬರಿಯಾಗುವುದಿಲ್ಲ, ಹಗಲು ಅಡಗಿರುವ ಕೆಲವು ಪೀಡೆಗಳೂ ಕಣ್ಣಿಗೆ ಬೀಳುತ್ತವೆ.

ಕೋಳಿಗೆ ಸುಮಾರು ಒಂದೂವರೆ ವರ್ಷ ತುಂಬಿದ್ದು, ಮೊದಲು ತಲೆ ಮತ್ತು ಕತ್ತು, ಆಮೇಲೆ ಎದೆ ಮತ್ತು ಬೆನ್ನು, ಕೊನೆಗೆ ರೆಕ್ಕೆ ಮತ್ತು ಬಾಲ ಎಂಬ ಕ್ರಮದಲ್ಲಿ ಗರಿ ಉದುರುತ್ತಿದ್ದರೆ, ಚರ್ಮದಲ್ಲಿ ಗಾಯವಿಲ್ಲದಿದ್ದರೆ, ಅದು ಹಳೆಯ ಗರಿ ಹೋಗಿ ಹೊಸದು ಬರುವ ಸಹಜ ಕ್ರಿಯೆ. ಸಾಮಾನ್ಯವಾಗಿ ಇದು ಎಂಟರಿಂದ ಹನ್ನೆರಡು ವಾರ ನಡೆಯುತ್ತದೆ. ಅಷ್ಟು ದಿನ ಮೊಟ್ಟೆ ನಿಲ್ಲುವುದೂ ಸಹಜವೇ. ತಂಪು ದೇಶಗಳಲ್ಲಿ ಶರತ್ಕಾಲದಲ್ಲಿ ಹಗಲು ಕುಗ್ಗುವುದೇ ಇದಕ್ಕೆ ಮುಖ್ಯ ಸೂಚನೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರವಾದ್ದರಿಂದ, ನಮ್ಮಲ್ಲಿ ಗರಿ ಬದಲಾವಣೆ ಒಂದೇ ಋತುವಿಗೆ ಅಷ್ಟು ಬಿಗಿಯಾಗಿ ಅಂಟಿಕೊಂಡಿರುವುದಿಲ್ಲ. ಬೇಸಿಗೆಯಲ್ಲಿ ಒಂದೆರಡು ದಿನ ನೀರು ತಪ್ಪಿದರೂ ಕೋಳಿ ಗರಿ ಉದುರಿಸಲು ಶುರುಮಾಡಬಹುದು.

ಈ ಅವಧಿಯಲ್ಲಿ ಬೇಕಾದುದು ಔಷಧವಲ್ಲ, ಮೇವು. ಗರಿಯ ಸುಮಾರು ಶೇ. 85 ಭಾಗ ಪ್ರೋಟೀನ್. ರಾಗಿಯಲ್ಲಿ ಅದು ಶೇ. 7ರಷ್ಟು, ಮೆಕ್ಕೆಜೋಳದಲ್ಲಿ ಶೇ. 9ರಷ್ಟು ಇರುವುದರಿಂದ, ಬರೀ ಕಾಳು ಎರಚಿ ಸಾಕಿದ ಕೋಳಿಗೆ ಹೊಸ ಗರಿ ನಿಧಾನವಾಗಿ, ಸೊರಗಿದಂತೆ ಬರುತ್ತದೆ. ಒಟ್ಟು ಆಹಾರದಲ್ಲಿ ಪ್ರೋಟೀನ್ ಶೇ. 18ರ ಆಸುಪಾಸಿಗೆ ಬರುವಂತೆ ಕಡಲೆಕಾಯಿ ಹಿಂಡಿ ಅಥವಾ ಸೋಯಾ ಹಿಂಡಿಯನ್ನು ಬೆರೆಸಬೇಕು. ಆದರೆ ಗರಿಗೆ ಅತ್ಯಗತ್ಯವಾದ ಮೆಥಿಯೋನಿನ್ ಎಂಬ ಪ್ರೋಟೀನ್ ಘಟಕ ಕಡಲೆಕಾಯಿ ಹಿಂಡಿಯಲ್ಲಿ ಕಡಿಮೆಯಿರುವುದರಿಂದ ಅದೊಂದನ್ನೇ ನಂಬಬಾರದು. ಉಪ್ಪು ಹೋಗುವಂತೆ ತೊಳೆದು ಪುಡಿಮಾಡಿದ ಒಣಮೀನು ಈ ಕೊರತೆಯನ್ನು ತುಂಬುತ್ತದೆ. ಬೂಷ್ಟು ಹಿಡಿದ ಹಿಂಡಿ ಅಗ್ಗಕ್ಕೆ ಸಿಕ್ಕರೂ ಹಾಕಬಾರದು, ಅದರಲ್ಲಿನ ಅಫ್ಲಟಾಕ್ಸಿನ್ ಎಂಬ ಬೂಷ್ಟಿನ ವಿಷ ಕೋಳಿಯ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ. ಚರ್ಮದಿಂದ ಹೊರಬರುತ್ತಿರುವ ಮುಳ್ಳಿನಂಥ ಎಳೆಗರಿಯೊಳಗೆ ರಕ್ತ ಹರಿಯುತ್ತಿರುತ್ತದೆ. ಅದು ಮುರಿದರೆ ನೋವೂ ರಕ್ತಸ್ರಾವವೂ ಆಗುವುದರಿಂದ ಆ ದಿನಗಳಲ್ಲಿ ಕೋಳಿಯನ್ನು ಆದಷ್ಟು ಮುಟ್ಟದಿರುವುದು ಒಳ್ಳೆಯದು.

ಎದೆ ಮತ್ತು ಹೊಟ್ಟೆ ಮಾತ್ರ ಬೋಳಾಗಿದ್ದು ಕೋಳಿ ಕಾವಿಗೆ ಕೂತಿದ್ದರೆ ಚಿಂತೆಯಿಲ್ಲ, ಮೊಟ್ಟೆಗೆ ಮೈಶಾಖ ನೇರವಾಗಿ ತಗಲಲೆಂದು ಅಲ್ಲಿನ ಗರಿ ಹೋಗಿರುತ್ತದೆ. ಹುಟ್ಟಿನಿಂದಲೇ ಕತ್ತು ಬೋಳಾಗಿರುವ ನಾಟಿ ತಳಿಗೂ ರೋಗವಿಲ್ಲ. ಬೆನ್ನು ಮತ್ತು ತಲೆಯ ಹಿಂಭಾಗ ಬೋಳಾಗಿದ್ದರೆ ಕಾರಣ ಕೂಡುವಾಗ ಬೆನ್ನೇರಿ ತಲೆಯ ಗರಿ ಕಚ್ಚಿ ಹಿಡಿಯುವ ಹುಂಜ. ಎಂಟು ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ನಾಲ್ಕೇ ಹೇಂಟೆಗಳಿರುವಲ್ಲಿ ಎರಡು ಹುಂಜಗಳಿದ್ದರೆ ಒಂದನ್ನು ಬೇರೆ ಮಾಡದೆ ಬೇರೆ ದಾರಿಯಿಲ್ಲ.

ಹೆಚ್ಚು ಶ್ರಮ ಬೇಡುವುದು ಹೇನು ಮತ್ತು ನುಸಿ. ಬಾಲದ ಕೆಳಗೆ, ಮೊಟ್ಟೆಯಿಡುವ ದ್ವಾರದ ಸುತ್ತಲಿನ ಗರಿಗಳನ್ನು ಬಿಡಿಸಿ ನೋಡಿದಾಗ ಒಣಹುಲ್ಲಿನ ಬಣ್ಣದ ಹುಳುಗಳು ಸರಸರನೆ ಓಡಿದರೆ, ಗರಿಯ ಬುಡದಲ್ಲಿ ಬಿಳಿಯ ಮೊಟ್ಟೆಗಳ ಗೊಂಚಲು ಅಂಟಿದ್ದರೆ ಅದು ಹೇನು. ಅದರ ಇಡೀ ಬದುಕು ಕೋಳಿಯ ಮೈಮೇಲೆಯೇ. ಕೆಂಪು ನುಸಿಯ ರೀತಿ ಬೇರೆ. ಅದು ಹಗಲು ಗೂಡಿನ ಬಿರುಕುಗಳಲ್ಲಿ, ಕೋಳಿ ಕೂರುವ ಗಳದ ಅಡಿಯಲ್ಲಿ, ಬಿದಿರಿನ ಮಂಕರಿಯ ಹೆಣಿಗೆಯ ಸಂದಿನಲ್ಲಿ ಅಡಗಿದ್ದು ರಾತ್ರಿ ಮಾತ್ರ ಬಂದು ರಕ್ತ ಹೀರುತ್ತದೆ. ಹಗಲಿನಲ್ಲಿ ಕೋಳಿಯನ್ನು ಎಷ್ಟು ಹುಡುಕಿದರೂ ಏನೂ ಸಿಗದಿರಲು ಇದೇ ಕಾರಣ. ರಾತ್ರಿ ಗಳದ ಅಡಿಗೆ ಬಿಳಿಯ ಬಟ್ಟೆ ಒತ್ತಿ ಒರೆಸಿದಾಗ ಕೆಂಪು ಗೆರೆ ಮೂಡಿದರೆ ಅನುಮಾನ ಬೇಡ.

ಹೇನಿಗೆ ಕೋಳಿಗೆ ಚಿಕಿತ್ಸೆ ಮಾಡಬೇಕು, ಕೆಂಪು ನುಸಿಗೆ ಗೂಡಿಗೆ ಮಾಡಬೇಕು. ಗೂಡಿನ ಹುಲ್ಲನ್ನೆಲ್ಲ ತೆಗೆದು ಸುಟ್ಟು, ಸಂದುಗಳಿಗೆ ಕುದಿಯುವ ನೀರು ಸುರಿದು, ಒಣಗಿದ ಮೇಲೆ ಸುಣ್ಣ ಬಳಿಯಬೇಕು. ಹಳೆಯ ಮಂಕರಿಯನ್ನು ಉಳಿಸಿಕೊಳ್ಳುವ ಆಸೆ ಬಿಡುವುದೇ ಲೇಸು. ಈ ನುಸಿ ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲದಾದ್ದರಿಂದ ಗೂಡನ್ನು ಕೆಲವು ವಾರ ಖಾಲಿ ಬಿಟ್ಟು ಪ್ರಯೋಜನವಿಲ್ಲ. ಮೈಗೆ ಉದುರಿಸುವ ಪುಡಿಯನ್ನು ಪಶುವೈದ್ಯರನ್ನು ಕೇಳಿಯೇ ತರಬೇಕು, ಎಷ್ಟು ದಿನ ಆ ಮೊಟ್ಟೆ ತಿನ್ನಬಾರದು ಎಂಬುದನ್ನೂ ಆಗಲೇ ಕೇಳಿಕೊಳ್ಳಬೇಕು. ಪುಡಿಗೆ ಹೇನಿನ ಮೊಟ್ಟೆಗಳು ಸಾಯುವುದಿಲ್ಲ; ಏಳರಿಂದ ಹತ್ತು ದಿನಗಳ ನಂತರ ಎರಡನೇ ಬಾರಿ ಹಾಕದಿದ್ದರೆ ಮೊದಲ ಬಾರಿ ಹಾಕಿದ್ದೂ ವ್ಯರ್ಥ. ಸೀಮೆಎಣ್ಣೆ ಸವರುವ ಪದ್ಧತಿ ಚರ್ಮವನ್ನು ಸುಡುತ್ತದೆ. ಬೆಳೆಗೆ ಹೊಡೆಯುವ ಕೀಟನಾಶಕವಂತೂ ಕೋಳಿಗೂ ಮೊಟ್ಟೆ ತಿನ್ನುವವರಿಗೂ ಅಪಾಯ. ಮಳೆ ಬೀಳದ ಮೂಲೆಯಲ್ಲಿ ಒಣಮಣ್ಣಿಗೆ ಒಲೆಯ ಬೂದಿ ಬೆರೆಸಿಟ್ಟರೆ ಕೋಳಿಗಳೇ ಅದರಲ್ಲಿ ಹೊರಳಾಡಿ ಹೇನನ್ನು ಹತೋಟಿಯಲ್ಲಿಟ್ಟುಕೊಳ್ಳುತ್ತವೆ. ಮಳೆಗಾಲದಲ್ಲಿ ಹೇನು ಹೆಚ್ಚಲು ಈ ಒಣಮಣ್ಣು ಸಿಗದಿರುವುದೂ ಒಂದು ಕಾರಣ.

ಬಾಲದ ಬುಡದಲ್ಲಿ ಗರಿ ಕಿತ್ತು ರಕ್ತ ಕಾಣಿಸಿದರೆ ಬೇರೆ ಕೋಳಿಗಳು ಕುಕ್ಕುತ್ತಿವೆ ಎಂದರ್ಥ. ಇಕ್ಕಟ್ಟು, ಪ್ರೋಟೀನ್ ಅಥವಾ ಉಪ್ಪಿನ ಕೊರತೆ, ದಿನವಿಡೀ ಕೆದಕಲು ಏನೂ ಇಲ್ಲದಿರುವುದು ಇದಕ್ಕೆ ಕಾರಣಗಳು. ಗಾಯಗೊಂಡ ಕೋಳಿಯನ್ನು ಅದೇ ದಿನ ಬೇರ್ಪಡಿಸಬೇಕು, ಏಕೆಂದರೆ ರಕ್ತದ ಕೆಂಪು ಉಳಿದವನ್ನು ಮತ್ತೆ ಮತ್ತೆ ಸೆಳೆಯುತ್ತದೆ. ಆದರೆ ಅದನ್ನು ಕಣ್ಮರೆಯಾಗಿಡದೆ ಜಾಲರಿಯ ಆಚೆ ಉಳಿದವಕ್ಕೆ ಕಾಣುವಂತೆ ಇಟ್ಟು, ಗಾಯ ಮಾಗಿ ಹೊಸ ಗರಿ ಮೂಡಿದ ಮೇಲೆ ರಾತ್ರಿ ಹೊತ್ತು ಗೂಡಿನ ಗಳದ ಮೇಲೆ ಕೂರಿಸಬೇಕು. ಹಗಲಿನಲ್ಲಿ ಒಮ್ಮೆಗೇ ಬಿಟ್ಟರೆ ಹೊಸ ಕೋಳಿ ಬಂತೆಂದು ಎಲ್ಲವೂ ಸೇರಿ ಕುಕ್ಕುತ್ತವೆ.